ಪಿನ್ ಹಾಕಿದ್ರೆ ಫ್ಯಾನ್ ತಿರುಗುತ್ತೆ, ಆದ್ರೂ ಎಸ್‌ಎಂಪಿಎಸ್ ಹೋಗಿತ್ತು

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ತಿಥಿ ಕಾರ್ಡು, ಇಂಥದ್ದೇ ಕೆಲಸ. ಅಲ್ಲಿರೋ ಸಿಸ್ಟಂ 2009ರಲ್ಲಿ ಅಸೆಂಬಲ್ ಮಾಡಿಸಿದ್ದು: ಕೋರ್ 2 ಡ್ಯುಯೋ, ಜಿ31 ಮದರ್‌ಬೋರ್ಡು, ಎಕ್ಸ್‌ಪಿ, ಪೇಜ್‌ಮೇಕರ್ 7, ನುಡಿ. ಅಷ್ಟೂ ವರ್ಷದ ಫೈಲುಗಳು ನುಡಿಯ ಹಳೇ ಫಾಂಟಿನಲ್ಲೇ ಇವೆ. ಹೊಸ ಸಿಸ್ಟಮಿಗೆ ಹಾಕಿ ಯೂನಿಕೋಡಿಗೆ ತಿರುಗಿಸಿದರೆ ಒತ್ತಕ್ಷರ ಎಲ್ಲೋ ಹೋಗಿ ಕೂತಿರುತ್ತೆ, ವಧುವಿನ ಹೆಸರೇ ಬೇರೆ ಆಗಿರುತ್ತೆ. ಹಾಗಾಗಿ ಅದನ್ನ ಬಿಡೋ ಹಾಗಿಲ್ಲ.

ಸರಿಯಾಗಿ ಮದುವೆ ಸೀಸನ್‌ನಲ್ಲಿ ಕೈ ಕೊಟ್ಟಿತು. ಪವರ್ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡೋದು. ಹಾರ್ಡ್‌ವೇರ್ ಹುಡುಗ ಬಂದ, ಸಿಸ್ಟಮಿಗೆ ಕರೆಂಟ್ ಕೊಡೋ ಡಬ್ಬ ಎಸ್‌ಎಂಪಿಎಸ್ ಬಿಡಿಸಿ, ಬೋರ್ಡ್ ಇಲ್ಲದೆ ಅದನ್ನ ಆನ್ ಮಾಡೋಕೆ ಅದರ ಹಸಿರು ತಂತಿಗೂ ಕಪ್ಪು ತಂತಿಗೂ ಪಿನ್ ಸಿಕ್ಕಿಸಿದ, ಎಸ್‌ಎಂಪಿಎಸ್ ಫ್ಯಾನ್ ಗಿರ್ರನೆ ತಿರುಗಿತು. "ನೋಡಿ ಸಾರ್, ಎಸ್‌ಎಂಪಿಎಸ್ ಚೆನ್ನಾಗೇ ಇದೆ, ಬೋರ್ಡೇ ಹೋಗಿದೆ. ಇಪ್ಪತ್ತೆರಡು ಸಾವಿರ ಆಗುತ್ತೆ, ಹೊಸದೇ ತಗೊಂಡುಬಿಡಿ" ಅಂದ.

ನನಗೆ ನಂಬಿಕೆ ಬರಲಿಲ್ಲ. ಫ್ಯಾನ್ ತಿರುಗಿಸೋಕೆ ಎಷ್ಟು ಕರೆಂಟ್ ಬೇಕು ಹೇಳಿ? ಮನೇಲಿ ಹಳೇ ಕಾರಿನ ಹೆಡ್‌ಲೈಟ್ ಬಲ್ಬ್ ಇತ್ತು, 55 ವ್ಯಾಟಿಂದು. ಅದನ್ನ 12 ವೋಲ್ಟ್ ಕೊಡೋ ಹಳದಿ ತಂತಿಗೂ ಕಪ್ಪಿಗೂ ಕೊಟ್ಟು ಮಲ್ಟಿಮೀಟರ್ ಹಿಡಿದೆ. ಬಲ್ಬ್ ಇಲ್ಲದಾಗ 11.9 ಇದ್ದದ್ದು ಬಲ್ಬ್ ಹಾಕಿದ ತಕ್ಷಣ 10.6ಕ್ಕೆ ಇಳಿಯಿತು. ಹಳದಿ 11.4 ವೋಲ್ಟಿಗಿಂತ ಕೆಳಗೆ ಹೋಗಬಾರದು. ಎಸ್‌ಎಂಪಿಎಸ್ ಹೋಗಿತ್ತು, ಬೋರ್ಡಲ್ಲ. (ಹಳದಿ ಮೇಲೆ ಮಾತ್ರ ಲೋಡ್ ಹಾಕಿದರೆ ಕೆಲವು ಅಗ್ಗದ ಸಪ್ಲೈಗಳಲ್ಲಿ ಹಳದಿ ಇಳಿಯುತ್ತೆ, 5 ವೋಲ್ಟಿನ ಕೆಂಪು ಏರುತ್ತೆ. ಅದು ಮೋಸದ ರೀಡಿಂಗ್. ಅದಕ್ಕೇ ಕೆಂಪಿಗೂ ಒಂದು ಹಳೇ ಹಾರ್ಡ್‌ಡಿಸ್ಕ್ ತಗುಲಿಸಿ ಇನ್ನೊಮ್ಮೆ ನೋಡಿದೆ. ಆಗಲೂ 11 ದಾಟಲಿಲ್ಲ.)

ಬಿಚ್ಚಿದರೆ ಔಟ್‌ಪುಟ್ ಕಡೆ ಎರಡು ಕೆಪಾಸಿಟರ್ ತಲೆ ಉಬ್ಬಿಸಿಕೊಂಡು ಕೂತಿದ್ದವು. ಟಿವಿ ರಿಪೇರಿ ಅಂಗಡಿಯಲ್ಲಿ ನಲವತ್ತು ರೂಪಾಯಿಗೆ ಎರಡು ತಂದು ಬೆಸುಗೆ ಹಾಕಿದೆ. ಆ ಗಡಿಬಿಡಿಯಲ್ಲಿ ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿಸಿಕೊಳ್ಳೋ ದೊಡ್ಡ ಕೆಪಾಸಿಟರಿನ ಕಾಲಿಗೆ ಬೆರಳು ತಾಗಿ ಮೊಣಕೈವರೆಗೆ ಜುಂ ಅಂತು. ಪ್ಲಗ್ ಕಿತ್ತು ಐದು ನಿಮಿಷವೂ ಆಗಿರಲಿಲ್ಲ, ತಪ್ಪು ನಂದೇ. ಸಿಸ್ಟಂ ಆನ್ ಆಯಿತು, ನಾನೂ ಕಾಲರ್ ಏರಿಸಿದೆ. ಹದಿನೈದೇ ದಿನ. ನಾನು ತಂದದ್ದು ಸಾದಾ ಕೆಪಾಸಿಟರ್, ಅಲ್ಲಿಗೆ ಬೇಕಾಗಿದ್ದದ್ದು ಒಳಗಿನ ರೋಧ ಕಮ್ಮಿ ಇರೋ ಲೋ ಇಎಸ್‌ಆರ್‌ದು. ಬಿಸಿಯಾಗಿ ಮತ್ತೆ ಉಬ್ಬಿದವು.

ಆಮೇಲೆ ಐನೂರೈವತ್ತು ಕೊಟ್ಟು ಲೋಕಲ್ 450 ವ್ಯಾಟಿಂದು ತಂದೆ. ಕೈಯಲ್ಲಿ ಹಿಡಿದರೆ ಖಾಲಿ ಟಿಫಿನ್ ಬಾಕ್ಸ್ ಥರ ಹಗುರ. ಅದು ಎಷ್ಟು ದಿನ ಬಾಳುತ್ತಿತ್ತೋ ಗೊತ್ತಾಗಲೇ ಇಲ್ಲ, ಯಾಕಂದ್ರೆ ಅಂಗಡಿ ಹುಡುಗ ಧೂಳು ಒರೆಸುವಾಗ ಹಿಂದಿನ ಕೆಂಪು ವೋಲ್ಟೇಜ್ ಸ್ವಿಚ್ಚು 230ರಿಂದ 115ಕ್ಕೆ ಜರುಗಿದೆ. ಬೆಳಿಗ್ಗೆ ಆನ್ ಮಾಡಿದೆ, ಪಟಾಕಿ ಹೊಡೆದ ಹಾಗೆ ಢಂ ಅಂತು. ಬಂದ ಗಿರಾಕಿ ಚಪ್ಪಲಿ ಬಿಟ್ಟು ಓಡಿದರು.

ಮೂರನೇದು ಸಾವಿರದ ಒಂಬೈನೂರರ ಒಳ್ಳೇ ಮಾಲು. ವೋಲ್ಟೇಜ್ ಗೆರೆ ಹೊಡೆದ ಹಾಗೆ ನಿಂತಿತ್ತು. ಆದರೆ ಕರೆಂಟ್ ಹೋದಾಗಲೆಲ್ಲ ಸಿಸ್ಟಂ ರೀಸ್ಟಾರ್ಟ್. ಯುಪಿಎಸ್ ಬ್ಯಾಟರಿ ಬದಲಿಸಿದೆ, ಎಂಟುನೂರು ದಂಡ. ಕೊನೆಗೆ ಗೊತ್ತಾಯಿತು, ಇದರಲ್ಲಿರೋದು ಲೈನಿಂದ ಕರೆಂಟ್ ಎಳೆಯೋದನ್ನ ಹದ ಮಾಡೋ ಸರ್ಕ್ಯೂಟು, ಆ್ಯಕ್ಟಿವ್ ಪಿಎಫ್‌ಸಿ, ನನ್ನ 600 ವಿಎ ಹಳೇ ಯುಪಿಎಸ್ ಕೊಡೋ ಚೌಕದ ವೇವ್ ಅದಕ್ಕೆ ಒಗ್ಗಲ್ಲ. ಸೇವ್ ಮಾಡದ ನಾಲ್ಕು ಪುಟದ ಪತ್ರಿಕೆ ಕೂಡ ಅದರ ಜೊತೆ ಹೋಯಿತು. ಆ ಎಸ್‌ಎಂಪಿಎಸ್ ಅಳಿಯನ ಸಿಸ್ಟಮಿಗೆ ಹಾಕಿಕೊಟ್ಟೆ, ಅವನ ಮನೇಲಿ ಯುಪಿಎಸ್ಸೇ ಇಲ್ಲ, ಆರಾಮಾಗಿ ಓಡ್ತಿದೆ.

ಆಗ ಹೊಳೆಯಿತು, ನನಗೆ ಬೇಕಾದ್ದು ಆ್ಯಕ್ಟಿವ್ ಪಿಎಫ್‌ಸಿ ಇಲ್ಲದ ಹಳೇ ಮಾಲೇ. ಬೆಂಗಳೂರಿಗೆ ಹೋದವನು ಎಲೆಕ್ಟ್ರಾನಿಕ್ಸ್ ಸಾಮಾನು ಸಿಗೋ ಎಸ್‌ಪಿ ರೋಡಿನ ಒಂದು ಸಂದಿಯಲ್ಲಿ ಆಫೀಸಿನ ಹಳೇ ಬ್ರ್ಯಾಂಡೆಡ್ ಡೆಸ್ಕ್‌ಟಾಪಿಂದ ಕಿತ್ತ 300 ವ್ಯಾಟಿನ ಎಸ್‌ಎಂಪಿಎಸ್ ತಂದೆ. ಐನೂರು ಹೇಳಿದ, ಮುನ್ನೂರೈವತ್ತಕ್ಕೆ ಕೊಟ್ಟ. ಯಾವ ಅಂಗಡಿ ಅಂತ ಮಾತ್ರ ಕೇಳಬೇಡಿ. ರಾಶಿಯಲ್ಲಿ ಒಳ್ಳೇದನ್ನ ಆರಿಸೋಕೆ ನಾನು ಮೊದಲು ಮೂಸಿ ನೋಡುತ್ತೇನೆ, ಇನ್ನೊಂದು ಗುರುತು ಇದೆ, ಅದು ನನ್ನಲ್ಲೇ ಇರಲಿ. ಒಳ್ಳೇ ತೂಕ ಇತ್ತು, ಒಳಗೆ ದಪ್ಪ ಕಾಯಿಲ್ ಇರೋ ಹಳೇ ಥರದ ಪಿಎಫ್‌ಸಿ, ಆದ್ದರಿಂದ ನನ್ನ ಯುಪಿಎಸ್ ಜೊತೆ ಜಗಳ ಇಲ್ಲ. ಹಾರ್ಡ್‌ವೇರ್ ಹುಡುಗ ನಕ್ಕ: "450 ಇದ್ದ ಕಡೆ 300 ಹಾಕ್ತೀರಾ ಸಾರ್? ಒಂದು ವಾರ ನೋಡಿ."

ಆ ಲೋಕಲ್ ಡಬ್ಬದ ಲೇಬಲ್ ಓದಿದ್ದರೆ ಅವನೂ ನಗುತ್ತಿರಲಿಲ್ಲ. ದೊಡ್ಡ ಅಕ್ಷರದಲ್ಲಿ 450 ವ್ಯಾಟ್, ಕೆಳಗೆ ಸಣ್ಣದಾಗಿ 12 ವೋಲ್ಟಿಗೆ 12 ಆಂಪಿಯರೋ 14ಓ ಇತ್ತು. ಈ 300ರದ್ದರಲ್ಲಿ 18 ಇದೆ. ನನ್ನ ಪ್ರೊಸೆಸರ್ ಆ 12 ವೋಲ್ಟಿಂದ ತಿನ್ನೋದು 65 ವ್ಯಾಟ್ ಅಷ್ಟೇ. ಅದೇ ಬಲ್ಬ್ ಹಾಕಿದೆ, 11.85ರಲ್ಲಿ ಅಲ್ಲಾಡದೆ ನಿಂತಿತು. ಮೊದಲ ಸಲ ಬಲ್ಬ್ ಸಿಕ್ಕಿಸಿಟ್ಟೇ ಆನ್ ಮಾಡಿದಾಗ ಸ್ಟಾರ್ಟೇ ಆಗಲಿಲ್ಲ, ಎದೆ ಧಸಕ್ ಅಂತು. ತಣ್ಣಗಿರೋ ಫಿಲಮೆಂಟು ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತೆ, ಎಸ್‌ಎಂಪಿಎಸ್ ಟ್ರಿಪ್ ಆಗುತ್ತೆ. ಅದಕ್ಕೂ ಒಂದು ಉಪಾಯ ಇದೆ, ನೀವೇ ಕಂಡುಕೊಳ್ಳುತ್ತೀರಿ.

ತೊಂದರೆ ಇಲ್ಲದೆ ಇರಲಿಲ್ಲ. ಹಾರ್ಡ್‌ಡಿಸ್ಕ್ ಹಳೇ ಐಡಿಇ, ಅದರ ಪವರ್ ಪ್ಲಗ್ಗು ನಾಲ್ಕು ಪಿನ್ನಿಂದು, ಈ ಎಸ್‌ಎಂಪಿಎಸ್‌ನಲ್ಲಿದ್ದದ್ದು ಸಾಟಾ ಪ್ಲಗ್ಗು; ಸಾಟಾದಿಂದ ನಾಲ್ಕು ಪಿನ್ನಿಗೆ ಹೋಗೋ ಕನ್ವರ್ಟರ್ ಅರವತ್ತು ರೂಪಾಯಿ. ಪ್ರೊಸೆಸರಿನ ನಾಲ್ಕು ಪಿನ್ ವೈರ್ ಎರಡು ಇಂಚು ಕಮ್ಮಿ ಬಿತ್ತು, ಸುತ್ತು ಹಾಕಿಸದೆ ಕೂಲರ್ ಮೇಲಿಂದಲೇ ತಂದು, ಫ್ಯಾನಿಗೆ ಸಿಗದ ಹಾಗೆ ಟ್ಯಾಗ್ ಕಟ್ಟಿದೆ. ನೋಡೋಕೆ ಗಲೀಜು.

ಪ್ರಯೋಗ, ಯುಪಿಎಸ್ ಬ್ಯಾಟರಿ, ರೈಲು ಚಾರ್ಜು ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ ಹೋಗಿರಬೇಕು. ಈಗ ಎರಡು ವರ್ಷದ ಮೇಲಾಯಿತು, ದಿನಕ್ಕೆ ಹತ್ತು ಗಂಟೆ ಓಡುತ್ತೆ. ಹೋದ ತಿಂಗಳು ಅದೇ ಹುಡುಗ ಬಂದು, "ಸಾರ್, ಒಬ್ಬರ ಸಿಸ್ಟಂ ಇದೆ, ಪಿನ್ ಹಾಕಿದ್ರೆ ಫ್ಯಾನ್ ತಿರುಗುತ್ತೆ, ಆನ್ ಆಗಲ್ಲ, ಆ ಬಲ್ಬ್ ಸ್ವಲ್ಪ ಕೊಡ್ತೀರಾ?" ಅಂದ. ಕೊಟ್ಟೆ. ಇನ್ನೂ ವಾಪಸ್ ಬಂದಿಲ್ಲ.