ಶಾಲೆಯಲ್ಲಿ ಪ್ರಜಾಪ್ರಭುತ್ವ ಮತ್ತು ಮಾನವ ಹಕ್ಕು: ಶಿಕ್ಷಕರ ತರಬೇತಿಯನ್ನು ರೂಪಿಸುವ ಬಗೆ

2023ರಲ್ಲಿ ಕರ್ನಾಟಕ ಸರ್ಕಾರವು ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪ್ರಸ್ತಾವನೆಯ ವಾಚನವನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ಸೆಪ್ಟೆಂಬರ್ 15ರಂದು, ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನದಲ್ಲಿ, ರಾಜ್ಯದಾದ್ಯಂತ ಸಾಮೂಹಿಕ ವಾಚನವೂ ನಡೆಯಿತು. ಮೂರು ತಿಂಗಳ ಬಳಿಕ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ವಿದ್ಯಾರ್ಥಿಗಳನ್ನು ಮಲದ ಗುಂಡಿಗೆ ಇಳಿಸಿ ಅದನ್ನು ಸ್ವಚ್ಛ ಮಾಡಿಸಿದ ಪ್ರಕರಣ ಬೆಳಕಿಗೆ ಬಂತು. ಹಾಗೆಂದು ಪ್ರಸ್ತಾವನೆಯನ್ನು ಓದುವುದೇ ಬೇಡವೆಂದು ಯಾರೂ ಹೇಳಲಾರರು. ಆದರೆ ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಉಚ್ಚರಿಸಿದ ಸಮಾನತೆಯು ಊಟದ ಸಾಲಿಗೂ ಶೌಚಾಲಯದ ಬಾಗಿಲಿಗೂ ತಲುಪಬೇಕಾದರೆ ಶಿಕ್ಷಕರಿಗೆ ಈಗ ಸಿಗುತ್ತಿರುವುದಕ್ಕಿಂತ ಬೇರೆ ಬಗೆಯ ತರಬೇತಿ ಬೇಕು. ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕರು, ಕ್ಷೇತ್ರ ಹಾಗೂ ಸಮೂಹ ಸಂಪನ್ಮೂಲ ವ್ಯಕ್ತಿಗಳು ಮತ್ತು ಸ್ವಯಂಸೇವಾ ಸಂಸ್ಥೆಗಳ ತರಬೇತುದಾರರು ಮೂರು ದಿನಗಳಲ್ಲಿ ಅಂಥ ತರಬೇತಿಯನ್ನು ಹೇಗೆ ನಡೆಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮಾನವ ಹಕ್ಕುಗಳ ಶಿಕ್ಷಣ ಮತ್ತು ತರಬೇತಿಯ ಬಗ್ಗೆ ವಿಶ್ವಸಂಸ್ಥೆಯು 2011ರ ಡಿಸೆಂಬರಿನಲ್ಲಿ ಅಂಗೀಕರಿಸಿದ ಘೋಷಣೆಯು ಈ ಶಿಕ್ಷಣಕ್ಕೆ ಮೂರು ಮುಖಗಳನ್ನು ಹೇಳುತ್ತದೆ: ಹಕ್ಕುಗಳ ಬಗ್ಗೆ ತಿಳಿಯುವುದು, ಕಲಿಸುವವರ ಮತ್ತು ಕಲಿಯುವವರ ಹಕ್ಕುಗಳನ್ನು ಗೌರವಿಸುತ್ತಲೇ ಕಲಿಯುವುದು, ತನ್ನ ಹಾಗೂ ಇತರರ ಹಕ್ಕುಗಳನ್ನು ಕಾಪಾಡಿಕೊಳ್ಳುವ ಶಕ್ತಿ ಪಡೆಯುವುದು. ನಮ್ಮ ತರಬೇತಿಗಳು ಬಹುಮಟ್ಟಿಗೆ ಮೊದಲನೆಯದರಲ್ಲಿಯೇ ನಿಂತುಬಿಡುತ್ತವೆ. ವೇದಿಕೆಯ ಮೇಲಿಂದ ಒಬ್ಬರು ಗಂಟೆಗಟ್ಟಲೆ ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಮಾತನಾಡಿ, ಕೆಳಗೆ ಕುಳಿತ ನಲವತ್ತು ಮಂದಿಗೆ ಪ್ರಶ್ನೆ ಕೇಳಲು ಐದು ನಿಮಿಷವನ್ನೂ ಕೊಡದಿದ್ದರೆ, ಶಿಕ್ಷಕರು ಆ ದಿನ ಕಲಿತು ಹೋಗುವುದು ಭಾಷಣದ ವಿಷಯವನ್ನಲ್ಲ, ಭಾಷಣದ ರೀತಿಯನ್ನು. ಮರುದಿನ ತರಗತಿಯಲ್ಲಿ ಅದೇ ರೀತಿ ಮುಂದುವರಿಯುತ್ತದೆ.

ಮುಂಚಿನ ಸಿದ್ಧತೆ

ಒಂದು ಶಾಲೆಯಿಂದ ಒಬ್ಬರೇ ಶಿಕ್ಷಕರನ್ನು ಕರೆಯಬೇಡಿ. ಹಿಂದಿರುಗಿದ ಮೇಲೆ ಒಂಟಿಯಾಗುವ ಶಿಕ್ಷಕರಿಂದ ಶಾಲೆಯ ಪದ್ಧತಿ ಬದಲಾಗುವುದು ಬಹಳ ಕಷ್ಟ. ಮುಖ್ಯ ಶಿಕ್ಷಕರು ಮತ್ತು ಇನ್ನೊಬ್ಬ ಸಹಶಿಕ್ಷಕರು ಜೊತೆಯಾಗಿ ಬರುವಂತೆ ಆದೇಶ ಹೊರಡಿಸಿಕೊಳ್ಳಿ; ಒಟ್ಟು ಸಂಖ್ಯೆ ಮೂವತ್ತನ್ನು ಮೀರದಿರಲಿ. ಬರುವಾಗ ಪ್ರತಿ ಶಾಲೆಯವರೂ ಮೂರು ಸಂಗತಿಗಳನ್ನು ಬರೆದು ತರಲಿ: ತರಗತಿಯ ಗೋಡೆಯ ಮೇಲಿರುವ ನಿಯಮಗಳು, ಶಾಲಾ ಸಂಸತ್ತಿನ ಪದಾಧಿಕಾರಿಗಳನ್ನು ಆರಿಸಿದ ವಿಧಾನ, ಹಿಂದಿನ ತಿಂಗಳಲ್ಲಿ ಮಗುವೊಂದಕ್ಕೆ ಶಿಕ್ಷೆ ನೀಡಿದ ಒಂದು ಸಂದರ್ಭ. ಮೂರನೆಯದರಲ್ಲಿ ಮಗುವಿನ ಹೆಸರಾಗಲಿ ಶಿಕ್ಷಕರ ಹೆಸರಾಗಲಿ ಇರಕೂಡದು. ಮೂರು ದಿನಗಳ ಚರ್ಚೆಗೆ ಇದೇ ಪಠ್ಯ. ಇದರ ಜೊತೆಗೆ ಪ್ರಸ್ತಾವನೆ, ಮೂಲಭೂತ ಹಕ್ಕುಗಳು ಮತ್ತು 2009ರ ಶಿಕ್ಷಣ ಹಕ್ಕು ಕಾಯ್ದೆಯ 17, 24, 27, 29ನೆಯ ಸೆಕ್ಷನ್‌ಗಳ ಕನ್ನಡ ಪ್ರತಿಗಳು ಪ್ರತಿಯೊಬ್ಬರ ಕೈಯಲ್ಲಿಯೂ ಇರಬೇಕು. ಕಾನೂನನ್ನು ಪರದೆಯ ಮೇಲೆ ತೋರಿಸುವುದಕ್ಕೂ ಶಿಕ್ಷಕರೇ ಅದನ್ನು ಸಾಲುಸಾಲಾಗಿ ಓದಿ ಅಡಿಗೆರೆ ಎಳೆಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಮೊದಲ ದಿನ: ಶಿಕ್ಷಕರ ಹಕ್ಕಿನಿಂದ ಆರಂಭ

ಮಕ್ಕಳ ಹಕ್ಕು ಎಂದೊಡನೆ ಅನೇಕ ಶಿಕ್ಷಕರ ಮನಸ್ಸಿನಲ್ಲಿ ಏಳುವ ಪ್ರಶ್ನೆ, ‘ನಮಗೆ ಹಕ್ಕುಗಳಿಲ್ಲವೆ?’ ಎಂಬುದು. ಈ ಪ್ರಶ್ನೆಯನ್ನು ಅಡ್ಡಮಾತೆಂದು ತಳ್ಳಿಹಾಕಬಾರದು. ಇದು ನ್ಯಾಯವಾದ ಪ್ರಶ್ನೆ, ತರಬೇತಿ ಇಲ್ಲಿಂದಲೇ ಆರಂಭವಾಗಲಿ. ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣಾ ಕರ್ತವ್ಯಗಳನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಗಳಿಗೆ ಶಿಕ್ಷಕರನ್ನು ನಿಯೋಜಿಸಬಾರದೆನ್ನುತ್ತದೆ. 24ನೆಯ ಸೆಕ್ಷನ್ ಶಿಕ್ಷಕರ ಕುಂದುಕೊರತೆಗಳಿಗೆ ಪರಿಹಾರ ಒದಗಿಸಬೇಕೆನ್ನುತ್ತದೆ. ಇವನ್ನು ಓದಿದ ಮೇಲೆ, ತಮ್ಮನ್ನು ಕೇಳದೆಯೇ ತಮ್ಮ ಮೇಲೆ ಹೇರಿದ ಒಂದು ನಿರ್ಧಾರವನ್ನೂ ಆಗ ತಮಗೆ ಅನ್ನಿಸಿದ್ದನ್ನೂ ಪ್ರತಿಯೊಬ್ಬರೂ ಬರೆಯಲಿ. ಬರೆದದ್ದನ್ನು ಒಟ್ಟುಗೂಡಿಸಿ ಲಿಖಿತ ಮನವಿಯಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿ. ಬಂದ ಉತ್ತರವನ್ನು ಮುಂದಿನ ಸಮಾಲೋಚನಾ ಸಭೆಯಲ್ಲಿ ಓದಿಹೇಳಿ. ಕೋರಿಕೆ ಈಡೇರದಿದ್ದರೂ ಉತ್ತರ ಓದುವುದನ್ನು ತಪ್ಪಿಸಬಾರದು. ಇದಾದ ನಂತರವೇ, ‘ನಿಮ್ಮ ಶಾಲೆಯಲ್ಲಿ ಮಕ್ಕಳನ್ನು ಕೇಳದೆ ನಡೆಯುವ ನಿರ್ಧಾರಗಳು ಯಾವುವು?’ ಎಂಬ ಪ್ರಶ್ನೆಯನ್ನು ಮುಂದಿಡಿ. ತಮ್ಮ ಅನುಭವವನ್ನು ಆಗಷ್ಟೇ ಬರೆದಿರುವ ಶಿಕ್ಷಕರು ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುತ್ತಾರೆ.

ತರಬೇತಿಯ ನಿಯಮಗಳನ್ನೂ ಶಿಬಿರಾರ್ಥಿಗಳೇ ರೂಪಿಸಲಿ: ಆರಂಭದ ಸಮಯ, ಮೊಬೈಲ್ ಬಳಕೆ, ಒಬ್ಬರೇ ಪದೇಪದೇ ಮಾತನಾಡಿದರೆ ಏನು ಮಾಡಬೇಕು, ನಿಯಮ ಮುರಿದವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದೆಲ್ಲ ಅವರ ಚರ್ಚೆಯಿಂದಲೇ ಬರಬೇಕು. ಆ ನಿಯಮಗಳು ಸಂಪನ್ಮೂಲ ವ್ಯಕ್ತಿಗೂ ಅನ್ವಯಿಸಬೇಕೆಂಬುದು ಬಹು ಮುಖ್ಯ. ಪೋಲೆಂಡಿನ ವೈದ್ಯ ಹಾಗೂ ಶಿಕ್ಷಣ ಚಿಂತಕ ಯಾನುಷ್ ಕೊರ್ಚಾಕ್ ಅವರು ವಾರ್ಸಾದ ತಮ್ಮ ಅನಾಥಾಲಯದಲ್ಲಿ ಮಕ್ಕಳದೇ ನ್ಯಾಯಾಲಯವನ್ನು ಏರ್ಪಡಿಸಿದ್ದರು, ಮತ್ತು ದೂರು ಬಂದಾಗ ತಾವೂ ಅದರ ಮುಂದೆ ನಿಲ್ಲುತ್ತಿದ್ದರು. ಮಧ್ಯಾಹ್ನದ ಅವಧಿಗೆ ತಡವಾಗಿ ಬಂದ ಸಂಪನ್ಮೂಲ ವ್ಯಕ್ತಿ ಎಲ್ಲರ ಮುಂದೆ ಕಾರಣ ಹೇಳಿ ಕ್ಷಮೆ ಕೇಳಿದರೆ, ಅದು ದಿನದ ಯಾವ ಉಪನ್ಯಾಸಕ್ಕಿಂತಲೂ ಹೆಚ್ಚು ಕಲಿಸುತ್ತದೆ.

ಸಂಜೆಯ ಅವಧಿ 17ನೆಯ ಸೆಕ್ಷನ್‌ಗೆ ಮೀಸಲಿರಲಿ. ಅದು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಶಿಕ್ಷಕರು ಬರೆದು ತಂದ ಸಂದರ್ಭಗಳನ್ನು ಒಂದೊಂದಾಗಿ ಓದಿ, ಬಗ್ಗಿಸಿ ನಿಲ್ಲಿಸಿದ್ದು, ‘ದಡ್ಡ’ ಎಂದು ಕರೆದದ್ದು, ತಂದೆಯ ಕಸುಬನ್ನು ಹಿಡಿದು ಆಡಿದ್ದು ಈ ಸೆಕ್ಷನ್ನಿನ ವ್ಯಾಪ್ತಿಗೆ ಬರುತ್ತವೆಯೇ ಎಂದು ಗುಂಪುಗಳು ತೀರ್ಮಾನಿಸಲಿ. ಕೋಲನ್ನು ಬಿಡಬೇಕೆಂದರೆ ಅದರ ಬದಲಿಗೆ ಏನು ಮಾಡಬೇಕೆಂಬುದನ್ನೂ ಕೊಡಬೇಕಾಗುತ್ತದೆ. ಆದ್ದರಿಂದ ಇಬ್ಬಿಬ್ಬರಾಗಿ ಅಭಿನಯಿಸಿ ಅಭ್ಯಾಸ ಮಾಡಿಸಿ: ಜಗಳವಾಡಿದ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ‘ಮೊದಲು ನೀನು ಹೇಳಪ್ಪ, ಅವನು ಮಧ್ಯೆ ಮಾತಾಡೋದಿಲ್ಲ, ಆಮೇಲೆ ಅವನು ಹೇಳಲಿ, ನೀನು ಕೇಳಿಸಿಕೊ’ ಎಂದು ಆರಂಭಿಸಿ, ಆದ ನಷ್ಟವನ್ನು ಹೇಗೆ ಸರಿಪಡಿಸಬೇಕೆಂಬುದನ್ನು ಮಕ್ಕಳಿಂದಲೇ ಹೇಳಿಸುವವರೆಗೆ. ಮೊದಲ ಸಲ ಇದು ಕೃತಕವಾಗಿ ಕಾಣುತ್ತದೆ. ಮೂರು ನಾಲ್ಕು ಸಲ ಮಾಡಿದ ಮೇಲೆ ಮಾತು ತಾನಾಗಿ ಹೊಂದಿಕೊಳ್ಳುತ್ತದೆ.

ಎರಡನೆಯ ದಿನ: ಜಾತಿ, ಊಟ, ನೀರು

ಇಡೀ ತರಬೇತಿಯ ಕಠಿಣ ಭಾಗ ಇದು, ಇದಕ್ಕೆ ಹೆಚ್ಚಿನ ಸಮಯ ಕೊಡಲೇಬೇಕು. ‘ನಮ್ಮ ಶಾಲೆಯಲ್ಲಿ ಅಂಥ ತಾರತಮ್ಯವೇನೂ ಇಲ್ಲ’ ಎಂಬ ಮಾತು ಖಂಡಿತ ಬರುತ್ತದೆ. ಅದರೊಡನೆ ವಾದಕ್ಕಿಳಿಯುವ ಬದಲು ಪ್ರತಿ ಶಾಲೆಯವರಿಗೂ ದೊಡ್ಡ ಹಾಳೆಯೊಂದನ್ನು ಕೊಟ್ಟು ತಮ್ಮ ಶಾಲೆಯ ನಕ್ಷೆ ಬರೆಯಲು ಹೇಳಿ. ಬಿಸಿಯೂಟದ ವೇಳೆ ಯಾವ ಮಕ್ಕಳು ಎಲ್ಲಿ ಕೂರುತ್ತಾರೆ, ಯಾರು ಮನೆಯಿಂದ ತಟ್ಟೆ ತರುತ್ತಾರೆ, ಅಡುಗೆಯವರು ಯಾವ ಸಮುದಾಯದವರೆಂಬ ಕಾರಣಕ್ಕೆ ಊಟ ಬಿಟ್ಟವರಿದ್ದಾರೆಯೇ, ಅತಿಥಿಗಳಿಗೆ ನೀರು ತರಲು ಯಾರನ್ನು ಕಳುಹಿಸಲಾಗುತ್ತದೆ, ಶೌಚಾಲಯಕ್ಕೆ ನೀರು ಹಾಕುವವರು ಯಾರು, ಕಸ ಗುಡಿಸುವ ಕೆಲಸ ಹೆಣ್ಣುಮಕ್ಕಳಿಗೇ ಬರುತ್ತದೆಯೇ, ಆಟದ ಅವಧಿಯಲ್ಲಿ ಮೈದಾನ ಯಾರ ಪಾಲಿಗಿರುತ್ತದೆ, ಕಳೆದ ಮೂರು ವರ್ಷಗಳಲ್ಲಿ ತರಗತಿಯ ಮಾನಿಟರ್ ಆದವರು ಯಾರು ಎಂಬುದನ್ನೆಲ್ಲ ಅದರಲ್ಲಿ ಗುರುತಿಸಲಿ. ಉತ್ತರ ಗೊತ್ತಿಲ್ಲದ ಕಡೆ ‘ಗೊತ್ತಿಲ್ಲ’ ಎಂದೇ ಬರೆಯಲಿ, ಏಕೆಂದರೆ ಹಿಂದಿರುಗಿದ ಮೇಲೆ ಅವರು ಮೊದಲು ಗಮನಿಸಬೇಕಾದದ್ದು ಅದನ್ನೇ.

ಬಾಲಕ ಭೀಮರಾವ್ ಶಾಲೆಯಲ್ಲಿ ಬೇರೆಯಾಗಿ ಗೋಣಿಚೀಲದ ಮೇಲೆ ಕೂರಬೇಕಾಗಿತ್ತು. ಜವಾನನು ಎತ್ತರದಿಂದ ನೀರು ಸುರಿದರಷ್ಟೇ ಅವನ ದಾಹ ತೀರುತ್ತಿತ್ತು. ಮುಂದೆ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅಂಬೇಡ್ಕರ್ ಅವರು, ರಾಜಕೀಯದಲ್ಲಿ ಸಮಾನತೆಯೂ ಸಾಮಾಜಿಕ ಹಾಗೂ ಆರ್ಥಿಕ ಬದುಕಿನಲ್ಲಿ ಅಸಮಾನತೆಯೂ ಇರುವ ವೈರುಧ್ಯದ ಬದುಕಿಗೆ ನಾವು ಕಾಲಿಡುತ್ತಿದ್ದೇವೆ ಎಂದು ಎಚ್ಚರಿಸಿದರು. ನಕ್ಷೆಯ ಚಟುವಟಿಕೆ ಮುಗಿದ ಮೇಲೆ ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟರೆ ಅವು ದೂರದ ಇತಿಹಾಸವಾಗಿ ಉಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗುಂಪಿನಲ್ಲಿರುವ ದಲಿತ ಅಥವಾ ಅಲ್ಪಸಂಖ್ಯಾತ ಶಿಕ್ಷಕರನ್ನು ‘ನಿಮ್ಮ ಅನುಭವ ಹೇಳಿ’ ಎಂದು ಎದ್ದು ನಿಲ್ಲಿಸಬಾರದು. ಅವರಾಗಿಯೇ ಹೇಳಿದರೆ ಇತರರು ಅಡ್ಡ ಬಾರದೆ ಕೇಳಿಸಿಕೊಳ್ಳಬೇಕು, ಅಷ್ಟೇ.

ಮಧ್ಯಾಹ್ನ ಒಂದು ನೈಜ ಮೊಕದ್ದಮೆಯನ್ನು ಎತ್ತಿಕೊಳ್ಳಿ. 1985ರಲ್ಲಿ ಕೇರಳದ ಶಾಲೆಯೊಂದರಲ್ಲಿ ಯೆಹೋವನ ಸಾಕ್ಷಿಗಳೆಂಬ ಪಂಥಕ್ಕೆ ಸೇರಿದ ಮೂವರು ಒಡಹುಟ್ಟಿದ ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಂತರೂ ತಮ್ಮ ಧಾರ್ಮಿಕ ನಂಬಿಕೆಯ ಕಾರಣದಿಂದ ಹಾಡಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಒಂದು ಗುಂಪು ಮುಖ್ಯ ಶಿಕ್ಷಕರಾಗಿ, ಇನ್ನೊಂದು ಪೋಷಕರಾಗಿ, ಮತ್ತೊಂದು ನ್ಯಾಯಪೀಠವಾಗಿ ತಮ್ಮ ನಿರ್ಧಾರವನ್ನು ಕಾರಣಸಹಿತ ಬರೆಯಲಿ. ಆ ಬಳಿಕವೇ 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ನೀಡಿದ ತೀರ್ಪನ್ನು ತಿಳಿಸಿ: ಹಾಡಲೇಬೇಕೆಂದು ಹೇಳುವ ಕಾನೂನಿಲ್ಲ, ಗೌರವದಿಂದ ನಿಂತದ್ದು ಅಗೌರವವಾಗದು, ಮಕ್ಕಳನ್ನು ಹೊರಹಾಕಿದ್ದು ಅವರ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೂ ಧಾರ್ಮಿಕ ಸ್ವಾತಂತ್ರ್ಯಕ್ಕೂ ಧಕ್ಕೆ ತಂದಿದೆ. ಬಿಸಿಯೇರಿದ ಚರ್ಚೆ ಆಗುತ್ತದೆ, ಆಗಲಿ. ತೀರ್ಪನ್ನು ಒಪ್ಪದ ಶಿಕ್ಷಕರಿಗೂ ತಮ್ಮ ಕಾರಣ ಹೇಳುವ ಅವಕಾಶವಿರಬೇಕು. ಭಿನ್ನಾಭಿಪ್ರಾಯವನ್ನು ಜಗಳವಾಗಿಸದೆ ನಡೆಸಿಕೊಂಡು ಹೋಗುವ ಕೌಶಲವನ್ನು ಅವರು ನಿಮ್ಮನ್ನು ನೋಡಿಯೇ ಕಲಿಯಬೇಕು.

ಮೂರನೆಯ ದಿನ: ಸಂಸತ್ತು, ಗ್ರಾಮ ಸಭೆ, ದೂರು

ಶಾಲಾ ಸಂಸತ್ತು ಬಹುತೇಕ ಶಾಲೆಗಳಲ್ಲಿ ಇದೆ, ಆದರೆ ಎಷ್ಟೋ ಕಡೆ ಹೆಚ್ಚು ಅಂಕ ಪಡೆದವರನ್ನು ಶಿಕ್ಷಕರೇ ಮಂತ್ರಿಗಳನ್ನಾಗಿ ಮಾಡುತ್ತಾರೆ. ತರಬೇತಿಯಲ್ಲಿ ನಾಮಪತ್ರ, ಹಿಂತೆಗೆತ, ಪ್ರಚಾರ, ಗುಪ್ತ ಮತದಾನ, ಎಲ್ಲರ ಎದುರಿನ ಎಣಿಕೆ ಇವೆಲ್ಲವನ್ನೂ ಒಮ್ಮೆ ಪೂರ್ತಿ ನಡೆಸಿಬಿಡಿ. ಚುನಾವಣೆಗಿಂತ ಮುಂದಿನದು ಇನ್ನೂ ಮುಖ್ಯ. ಆಯ್ಕೆಯಾದ ಮಕ್ಕಳಿಗೆ ನಿಜವಾಗಿ ತೀರ್ಮಾನಿಸುವ ಅಧಿಕಾರ ಕೆಲವು ವಿಷಯಗಳಲ್ಲಾದರೂ ಇರಬೇಕು: ಆಟದ ಸಾಮಗ್ರಿಗಳ ಹಂಚಿಕೆ, ಗ್ರಂಥಾಲಯದ ಪುಸ್ತಕ ಕೊಡುವ ವೇಳೆ, ಪ್ರವಾಸದ ಸ್ಥಳ. ಸಭೆಯ ನಡಾವಳಿಯನ್ನು ಮಕ್ಕಳೇ ಬರೆಯಬೇಕು, ಅದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಬೇಕು. ಗ್ರಾಮ ಪಂಚಾಯಿತಿಯು ಮಕ್ಕಳ ಗ್ರಾಮ ಸಭೆ ನಡೆಸುವಾಗ ಮಕ್ಕಳನ್ನು ಸಾಲಾಗಿ ಕರೆದೊಯ್ದು ಕೂರಿಸಿ ಬಂದರೆ ಸಾಲದು. ಬೇಡಿಕೆಗಳನ್ನು ಮೊದಲೇ ಚರ್ಚಿಸಿ ಬರೆದುಕೊಳ್ಳುವುದನ್ನೂ, ಹಿಂದಿನ ವರ್ಷದ ಬೇಡಿಕೆಗಳು ಏನಾದವು ಎಂದು ಕೇಳುವುದನ್ನೂ ಕಲಿಸಬೇಕು.

ಲೈಂಗಿಕ ದೌರ್ಜನ್ಯದ ದೂರಿನ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ, ನಿಯಮವನ್ನು ಸ್ಪಷ್ಟವಾಗಿ ಹೇಳಬೇಕು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಅಪರಾಧ. ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸುವುದು, ಶಾಲೆಯ ಮರ್ಯಾದೆಯ ಹೆಸರಿನಲ್ಲಿ ರಾಜಿ ಮಾಡಿಸುವುದು ಸಲ್ಲದು. ಮಕ್ಕಳ ಸಹಾಯವಾಣಿ 1098 ಪ್ರತಿ ತರಗತಿಯ ಗೋಡೆಯ ಮೇಲೆ, ಮಕ್ಕಳ ಕಣ್ಣಳತೆಯಲ್ಲಿ ಇರಬೇಕು.

ತರಬೇತಿಯ ನಂತರ

ಕೊನೆಯ ಗಂಟೆಯಲ್ಲಿ ಪ್ರತಿ ಶಾಲೆಯವರೂ ಮುಂದಿನ ಮೂರು ತಿಂಗಳಲ್ಲಿ ತರುವ ಒಂದೇ ಒಂದು ಬದಲಾವಣೆಯನ್ನು ಬರೆಯಲಿ. ಹತ್ತು ಬರೆಯಲು ಬಿಡಬೇಡಿ. ‘ಊಟಕ್ಕೆ ತರಗತಿವಾರು ಬೆರೆತು ಕೂರುವುದು’ ಅಥವಾ ‘ನಿಯಮಗಳನ್ನು ಮಕ್ಕಳೊಡನೆ ಹೊಸದಾಗಿ ಬರೆಯುವುದು’ ಎಂಬಷ್ಟು ನಿರ್ದಿಷ್ಟವಾಗಿರಲಿ. ಮಾಸಿಕ ಸಮಾಲೋಚನಾ ಸಭೆಯಲ್ಲಿ ಅದರ ಪ್ರಗತಿಗೆ ಅರ್ಧ ಗಂಟೆ ಸಾಕು.

ಶಾಲಾ ಭೇಟಿಯಲ್ಲಿ ಕಡತ ನೋಡುವ ಮುನ್ನ ಮಕ್ಕಳನ್ನು ಕೇಳಿ. ‘ಈ ವಾರ ಯಾರಾದರೂ ನಿನಗೆ ಹೊಡೆದರೇ?’, ‘ನಿನ್ನ ಮಾತನ್ನು ಶಿಕ್ಷಕರು ಕೇಳಿಸಿಕೊಂಡರೇ?’, ‘ಶಾಲೆಯಲ್ಲಿ ಭಯವಾಗುವ ಜಾಗ ಇದೆಯೇ?’ ಎಂಬ ಮೂರು ಪ್ರಶ್ನೆಗಳನ್ನು ತರಬೇತಿಗೆ ಮುಂಚೆ ಒಮ್ಮೆ, ಮೂರು ತಿಂಗಳ ನಂತರ ಇನ್ನೊಮ್ಮೆ ಕೇಳಿದರೆ ಹೋಲಿಕೆಗೆ ಆಧಾರ ಸಿಗುತ್ತದೆ. ಮಕ್ಕಳಿಂದ ಉತ್ತರ ಬರೆಸಬಾರದು, ಏಕೆಂದರೆ ಸಣ್ಣ ಶಾಲೆಗಳಲ್ಲಿ ಶಿಕ್ಷಕರು ಪ್ರತಿ ಮಗುವಿನ ಕೈಬರಹವನ್ನೂ ಬಲ್ಲರು. ಹೌದು, ಇಲ್ಲ ಎಂದು ಗುರುತು ಹಾಕಿದ ಎರಡು ಡಬ್ಬಿಗಳನ್ನು ಮರೆಯಲ್ಲಿಟ್ಟು, ಪ್ರಶ್ನೆಗೊಂದರಂತೆ ಹುಣಸೆ ಬೀಜ ಹಾಕಿಸಿದರೆ ಒಂದನೆಯ ತರಗತಿಯವರೂ ಭಾಗವಹಿಸಬಹುದು. ಈ ವೇಳೆ ಶಿಕ್ಷಕರು ಕೊಠಡಿಯ ಹೊರಗಿರಬೇಕು. ಎಣಿಕೆಯ ಫಲಿತಾಂಶವನ್ನು ಅದೇ ದಿನ ಅವರಿಗೂ ಮಕ್ಕಳಿಗೂ ಒಟ್ಟಿಗೆ ತಿಳಿಸಬೇಕು.