ಹಿತ್ತಲಿಗೆ ಆರು ಮೊಟ್ಟೆ ಕೋಳಿ: ತಳಿ ಆರಿಸಿಕೊಂಡ ಬಗೆ

ತಳಿಗಳ ಪಟ್ಟಿ ಕೈಗೆ ಸಿಕ್ಕರೆ ಎಲ್ಲರ ಕಣ್ಣೂ ಮೊದಲು ಹೋಗುವುದು ‘ವರ್ಷಕ್ಕೆ ಎಷ್ಟು ಮೊಟ್ಟೆ’ ಎನ್ನುವ ಕಡೆಗೆ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಅಲ್ಲಿ ಬರೆದಿರುವುದು ಸಾಮಾನ್ಯವಾಗಿ ಒಳ್ಳೆಯ ಸಂತತಿಯೊಂದರ ಮೊದಲ ವರ್ಷದ ಲೆಕ್ಕ. ಅದೂ ಹದವಾದ ಮೇವು, ದಿನಕ್ಕೆ 14ರಿಂದ 16 ಗಂಟೆ ಬೆಳಕು ಸಿಕ್ಕಾಗಿನದು. ಬಣ್ಣ, ಮೈಕಟ್ಟು ನೋಡಿ ಪ್ರದರ್ಶನಕ್ಕೆಂದು ಬೆಳೆಸಿದ ರೋಡ್ ಐಲ್ಯಾಂಡ್ ರೆಡ್‌ಗೂ ಮೊಟ್ಟೆಗೆಂದೇ ಆಯ್ದು ಬೆಳೆಸಿದ್ದಕ್ಕೂ ಹೆಸರು ಒಂದೇ, ಬುಟ್ಟಿಗೆ ಬೀಳುವ ಮೊಟ್ಟೆ ಮಾತ್ರ ಬೇರೆ ಬೇರೆ. ಹಾಗಾಗಿ ಮರಿ ಕೊಡುವವರಲ್ಲಿ ನಾನು ಕೇಳುವುದು ಮೂರೇ: ತಾಯಿ ಕೋಳಿಗಳು ಎಷ್ಟನೇ ವಾರಕ್ಕೆ ಮೊಟ್ಟೆಗೆ ಬಂದವು, ಎರಡನೇ ವರ್ಷ ಹೇಗಿದ್ದವು, ಕಾವಿಗೆ ಕೂರುತ್ತವೆಯೇ. ಉತ್ತರ ಬರದಿದ್ದರೆ ಮರಿ ತರುವುದಿಲ್ಲ.

ದಿನಕ್ಕೆ ನಾಲ್ಕು ಮೊಟ್ಟೆ ಬೇಕೆಂದರೆ ವಾರಕ್ಕೆ 28. ಮೊಟ್ಟೆಯೊಂದು ಹೊಟ್ಟೆಯೊಳಗೆ ಪೂರ್ತಿಯಾಗಲು 24ರಿಂದ 26 ಗಂಟೆ ಹಿಡಿಯುತ್ತದೆ, ಆದ್ದರಿಂದ ಎಂಥ ಒಳ್ಳೆಯ ಹೇಂಟೆಯೂ ನಡುನಡುವೆ ಒಂದು ದಿನ ತಪ್ಪಿಸುತ್ತದೆ. ವಾರಕ್ಕೆ ಐದು ಎಂದು ಹಿಡಿದರೆ ಆರು ಹೇಂಟೆ ಸಾಕು.

ಮೊದಲ ಜರಡಿ ಹವೆ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತದೆ, ಜುಟ್ಟು ಮತ್ತು ಗಲ್ಲದ ಜೋಲಿನಿಂದ ಬಿಸಿ ಹೊರಹಾಕುತ್ತದೆ. ದೊಡ್ಡ ಜುಟ್ಟಿನ, ಹಗುರ ಮೈಯ ಲೆಗ್‌ಹಾರ್ನ್ ಬಿಸಿಲು ತಡೆಯುವುದು ಇದರಿಂದಲೇ. ಹಿಮ ಬೀಳುವಲ್ಲಿ ಅದೇ ಜುಟ್ಟಿನ ತುದಿ ಹೆಪ್ಪುಗಟ್ಟಿ ಕಪ್ಪಾಗುತ್ತದೆ. ಅಂಥ ಕಡೆ ತಲೆಗೆ ಅಂಟಿದಂತೆ ಚಪ್ಪಟೆಯಾದ ‘ಗುಲಾಬಿ ಜುಟ್ಟಿ’ನ ವಯಾಂಡಾಟ್ ಇಡುವುದು ಲೇಸು. ಕಡು ಸೆಕೆಯ ಕಡೆ ಬೋಳುಕತ್ತಿನ ಕೋಳಿಯನ್ನು ರೂಪ ನೋಡಿ ತಳ್ಳಿಹಾಕಬೇಡಿ. ಒಂದೇ ಒಂದು ವಂಶವಾಹಿಯಿಂದ ಕತ್ತಿನದಷ್ಟೇ ಅಲ್ಲ, ಮೈಯ ಗರಿಯೂ ಕಡಿಮೆಯಾಗಿ ಅದು ಸೆಕೆಯಲ್ಲೂ ಮೇವು ಬಿಡುವುದಿಲ್ಲ. ಕೋಳಿ ಮೇವು ಬಿಟ್ಟರೆ ಮೊಟ್ಟೆಯೂ ನಿಂತಿತೆಂದೇ ಲೆಕ್ಕ.

ಎರಡನೆಯದು ಮೈತೂಕ. ಸುಮಾರು ಎರಡು ಕಿಲೋ ತೂಗುವ ಲೆಗ್‌ಹಾರ್ನ್ ದಿನಕ್ಕೆ 110 ಗ್ರಾಂ ತಿಂದು ವರ್ಷಕ್ಕೆ 280 ಇಟ್ಟರೆ, ಮೊಟ್ಟೆಯೊಂದಕ್ಕೆ 143 ಗ್ರಾಂ ಮೇವು. ನಾಲ್ಕು ಕಿಲೋದ ಬ್ರಹ್ಮ ತಳಿಯ ಕೋಳಿ 150 ಗ್ರಾಂ ತಿಂದು 150 ಇಟ್ಟರೆ 365 ಗ್ರಾಂ! ಅದು ಮೊಟ್ಟೆಗೆ ಬರುವುದೂ ತಡ. ಅಂದಕ್ಕೆ ಬೇಕಾದರೆ ಒಂದಿರಲಿ. ಭಾರದ ಕೋಳಿಗೆ ಮಲಗುವ ಅಡ್ಡಕೋಲನ್ನು ಒಂದೂವರೆ ಅಡಿಗಿಂತ ಮೇಲೆ ಕಟ್ಟಬಾರದು. ಧುಮುಕಿ ಧುಮುಕಿ ಅಂಗಾಲು ಒಡೆದು ಕೀವುಗಟ್ಟುತ್ತದೆ. ಲೆಗ್‌ಹಾರ್ನ್‌ಗೆ ಇನ್ನೊಂದು ಕಾಟ: ಆರಡಿ ಬೇಲಿ ಇಲ್ಲದಿದ್ದರೆ ಅದು ಪಕ್ಕದ ಹಿತ್ತಲಿನ ಕೋಳಿ.

ಐಎಸ್‌ಎ ಬ್ರೌನ್‌ನಂಥ ಹೈಬ್ರಿಡ್‌ಗಳು ಮೊದಲ ವರ್ಷ 300ರ ಗಡಿ ದಾಟುತ್ತವೆ, ಸಾಧುವೂ ಹೌದು. ಆದರೆ ಅವುಗಳಲ್ಲಿ ಎರಡು ವರ್ಷದ ನಂತರ ಅಂಡನಾಳದ ತೊಂದರೆ ಹೆಚ್ಚು: ಲೋಳೆ, ಹಳದಿ ಹೊಟ್ಟೆಯೊಳಗೇ ಬಿದ್ದು ಸೋಂಕಾಗುವುದು, ಅಂಡನಾಳವೇ ಹೊರಬರುವುದು. ಅವುಗಳ ಮರಿ ತಾಯಿಯಂತೆ ಇರುವುದೂ ಇಲ್ಲ. ಆದ್ದರಿಂದ ಆರರಲ್ಲಿ ನಾನು ಇಡುವುದು ಎರಡು ಹೈಬ್ರಿಡ್, ಎರಡು ಆಸ್ಟ್ರಲಾರ್ಪ್, ಎರಡು ಪ್ಲಿಮತ್ ರಾಕ್. ಆಸ್ಟ್ರಲಾರ್ಪ್ ಮೇಲಿನ ನನ್ನ ಪಕ್ಷಪಾತ ಮುಚ್ಚಿಡುವುದಿಲ್ಲ. ಆಸ್ಟ್ರೇಲಿಯಾದಲ್ಲಿ 1922–23ರಲ್ಲಿ ನಡೆದ ಪರೀಕ್ಷೆಯಲ್ಲಿ ಆರು ಆಸ್ಟ್ರಲಾರ್ಪ್‌ಗಳು 365 ದಿನದಲ್ಲಿ 1857 ಮೊಟ್ಟೆ ಇಟ್ಟಿದ್ದವು. ಇಂದಿನ ಹಿತ್ತಲಿನಲ್ಲಿ ಒಂದು ಹೇಂಟೆಯಿಂದ ವರ್ಷಕ್ಕೆ 220–250 ಬಂದರೆ ಸಂತೋಷ ಪಡಬೇಕು.

ಕಾವಿನ ವಿಷಯ ನಿಮ್ಮ ಉದ್ದೇಶದ ಮೇಲಿದೆ. ಮರಿ ಮಾಡಿಸುವುದಾದರೆ ಸಿಲ್ಕಿಯೋ ಕೊಚ್ಚಿನೋ, ಕಾವಿಗೆ ಕೂರುವ ತಳಿಯದು ಒಂದಿರಬೇಕು. ಬರೀ ಮೊಟ್ಟೆಗಾದರೆ ಬೇಡ. ಕಾವಿಗೆ ಕುಳಿತದ್ದು 21 ದಿನವಷ್ಟೇ ಅಲ್ಲ, ಮರಿ ಇದ್ದರೆ ಅವು ಬೆಳೆಯುವವರೆಗೂ ಮೊಟ್ಟೆ ಇಡುವುದಿಲ್ಲ. ಸಿಲ್ಕಿಯನ್ನು ರೋಡ್ ಐಲ್ಯಾಂಡ್ ರೆಡ್ ಜೊತೆ ಒಂದೇ ಗೂಡಿಗೆ ಹಾಕಬೇಡಿ. ತಲೆಗರಿ ಕಣ್ಣಿಗೆ ಅಡ್ಡ ಬರುವುದರಿಂದ ಕುಕ್ಕು ಬರುವುದು ಅದಕ್ಕೆ ಕಾಣುವುದೇ ಇಲ್ಲ, ಒಮ್ಮೆ ರಕ್ತ ಕಂಡರೆ ಉಳಿದವು ಬಿಡುವುದಿಲ್ಲ.

ಹೆಣ್ಣು–ಗಂಡು ಬೇರೆ ಮಾಡದ ಮರಿ ತಂದರೆ ಅರ್ಧ ಹುಂಜಗಳೇ ಬರುತ್ತವೆ. ಇದಕ್ಕೊಂದು ಉಪಾಯ: ರೋಡ್ ಐಲ್ಯಾಂಡ್ ರೆಡ್ ಹುಂಜಕ್ಕೆ ಪಟ್ಟೆಗರಿಯ ಪ್ಲಿಮತ್ ರಾಕ್ ಹೇಂಟೆ ಜೋಡಿಸಿದರೆ, ಹುಟ್ಟಿದ ದಿನವೇ ಗಂಡುಮರಿಯ ನೆತ್ತಿಯಲ್ಲಿ ಬಿಳಿ ಚುಕ್ಕೆ ಕಾಣುತ್ತದೆ, ಹೆಣ್ಣಿಗೆ ಇರುವುದಿಲ್ಲ. ಜೋಡಿ ತಿರುಗಿಸಿದರೆ, ಅಂದರೆ ಪಟ್ಟೆ ಹುಂಜಕ್ಕೆ ಕೆಂಪು ಹೇಂಟೆಯಾದರೆ, ಚುಕ್ಕೆ ಎರಡಕ್ಕೂ ಬರುತ್ತದೆ. ಎಷ್ಟೋ ಜನ ಇಲ್ಲಿ ಎಡವುತ್ತಾರೆ.

ಆರನ್ನೂ ಒಂದೇ ವರ್ಷ ತಂದರೆ ಸುಮಾರು 18 ತಿಂಗಳಿಗೆ ಎಲ್ಲವೂ ಒಟ್ಟಿಗೆ ಗರಿ ಉದುರಿಸಿ ಬುಟ್ಟಿ ಖಾಲಿ. ಅದಕ್ಕೇ ವರ್ಷಕ್ಕೆ ಎರಡೆರಡು. ಒಂಟಿಯಾಗಿ ಎಂದೂ ಸೇರಿಸುವುದಿಲ್ಲ. ಹೊಸಬರನ್ನು 30 ದಿನ ದೂರವಿಟ್ಟು, ಆಮೇಲೆ ಒಂದು ವಾರ ಜಾಲರಿಯ ಆಚೆ ಕಾಣುವಂತೆ ಇಟ್ಟು, ರಾತ್ರಿ ಹೊತ್ತು ಅಡ್ಡಕೋಲಿನ ಮೇಲೆ ಕೂರಿಸುತ್ತೇನೆ. ಆ ವರ್ಷದ ಬಣ್ಣದ ಉಂಗುರ ಕಾಲಿಗೆ ಹಾಕುವುದು ಸೇರಿಸುವ ಮೊದಲೇ. ಇಲ್ಲವಾದರೆ ಯಾವುದು ಎಷ್ಟು ವರ್ಷದ್ದೆಂದು ಗೊತ್ತಾಗದೆ ಮೊಟ್ಟೆ ನಿಂತ ಕೋಳಿಯ ಬದಲು ಇಡುತ್ತಿರುವುದನ್ನೇ ತೆಗೆದುಬಿಡುತ್ತೇವೆ.