ಶಾಸಕರ ಅಫಿಡವಿಟ್ ಓದುವುದು ಹೇಗೆ?

ಚುನಾವಣೆ ಬಂದರೆ ಸಾಕು, ಯಾರ ಮನೆಯಲ್ಲಿ ಎಷ್ಟು ಕೆ.ಜಿ. ಬೆಳ್ಳಿ, ಯಾರ ಹೆಸರಲ್ಲಿ ಕಾರೇ ಇಲ್ಲ ಎಂಬ ಸುದ್ದಿ ಓದಿ ಖುಷಿಪಡುತ್ತೇವೆ. ಬೆಳ್ಳಿಯಿಂದ ಕ್ಷೇತ್ರಕ್ಕೇನೂ ಆಗದು. ಶಾಸಕರ ದುಡ್ಡು ಯಾವ ವ್ಯವಹಾರದಲ್ಲಿದೆ, ಸದನದಲ್ಲಿ ಅವರು ಆಡುವ ಮಾತಿಗೂ ಅದಕ್ಕೂ ನಂಟಿದೆಯೇ ಎಂದು ನೋಡಬೇಕು.

ಮೊದಲು ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್‌ನಲ್ಲಿ 2023ರ ಕರ್ನಾಟಕ ವಿಧಾನಸಭಾ ಚುನಾವಣೆಯನ್ನೂ ನಿಮ್ಮ ಕ್ಷೇತ್ರವನ್ನೂ ಆರಿಸಿ, ನಮೂನೆ 26 (ಅಭ್ಯರ್ಥಿ ನಾಮಪತ್ರದ ಜೊತೆ ತನ್ನ ಆಸ್ತಿ, ಆದಾಯ ಘೋಷಿಸುವ ಅಫಿಡವಿಟ್, ಅಂದರೆ ಪ್ರಮಾಣಪತ್ರ) ಇಳಿಸಿಕೊಳ್ಳಿ. ಸ್ಕ್ಯಾನ್ ಮಸುಕಾಗಿದ್ದರೆ ಬೈದುಕೊಳ್ಳಬೇಡಿ. ಅಭ್ಯರ್ಥಿಗಳು ಆಸ್ತಿ ವಿವರ ಬಹಿರಂಗಪಡಿಸಲೇಬೇಕೆಂದ 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳು ಬರದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ.

ಚಿನ್ನದ ಲೆಕ್ಕ ದಾಟಿ ನೇರ 9ನೇ ಅಂಶಕ್ಕೆ ಹೋಗಿ. ಅಲ್ಲಿ ವೃತ್ತಿ, 9ಎಯಲ್ಲಿ ಆದಾಯದ ಮೂಲ, 9ಬಿಯಲ್ಲಿ ಸರ್ಕಾರಿ ಗುತ್ತಿಗೆಗಳು. ‘ವ್ಯಾಪಾರ’ ಎಂದಷ್ಟೇ ಬರೆದು ಕೈತೊಳೆದುಕೊಂಡವರೂ ಇರುತ್ತಾರೆ. ಆಗ ಷೇರು, ಪಾಲುದಾರಿಕೆಯ ಸಾಲುಗಳಲ್ಲಿರುವ ಕಂಪನಿಯ ಹೆಸರು ಗುರುತು ಹಾಕಿಕೊಂಡು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಹುಡುಕಿ. ನಿರ್ದೇಶಕರು ಯಾರೆಂದು ತಿಳಿಯುತ್ತದೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಸ್ಥಿರಾಸ್ತಿಯ ಭಾಗ. ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಖರೀದಿಯ ತಾರೀಖು, ಅಂದಿನ ಬೆಲೆ, ಇಂದಿನ ಬೆಲೆ ಎಲ್ಲವೂ ಅಲ್ಲಿರಬೇಕು. ಒಂದೇ ಊರಿನ ನಾಲ್ಕು ಸರ್ವೆ ನಂಬರ್ ಒಂದೇ ವರ್ಷ ಖರೀದಿಯಾಗಿವೆ ಎನ್ನಿ. ರಾಜ್ಯದ ಭೂದಾಖಲೆಗಳಿರುವ ‘ಭೂಮಿ’ ಜಾಲತಾಣದಲ್ಲಿ ಪಹಣಿ ತೆಗೆದು ನೋಡಿ. ಆಮೇಲೆ ಆ ಊರಿನ ಪಕ್ಕ ವರ್ತುಲ ರಸ್ತೆಯೋ ಕೈಗಾರಿಕಾ ಪ್ರದೇಶವೋ ಘೋಷಣೆಯಾದದ್ದು ಯಾವಾಗ, ಅದರ ಬಗ್ಗೆ ಸದನದಲ್ಲಿ ಪ್ರಶ್ನೆ ಕೇಳಿದವರು ಯಾರು ಎಂದು ವಿಧಾನಸಭೆಯ ಪ್ರಶ್ನೋತ್ತರಗಳಲ್ಲಿ ಹುಡುಕಿ. ತಾರೀಖುಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. 2018ರ ಅಫಿಡವಿಟ್ ಸಿಕ್ಕರೆ ಅದನ್ನೂ ಪಕ್ಕದಲ್ಲಿಡಿ.

ಕಂಡದ್ದೆಲ್ಲ ಅಕ್ರಮವಲ್ಲ. ಪ್ರಜಾಪ್ರತಿನಿಧಿ ಕಾಯ್ದೆ 1951ರ 9ಎ ಕಲಂ ಪ್ರಕಾರ, ತಮ್ಮ ಸರ್ಕಾರದೊಂದಿಗೆ ಸರಕು ಪೂರೈಕೆ ಅಥವಾ ಕಾಮಗಾರಿಯ ಗುತ್ತಿಗೆ ಚಾಲ್ತಿಯಲ್ಲಿದ್ದರೆ ಶಾಸಕರು ಅನರ್ಹರು. ಆದರೆ ಅದು ಅವರೇ ಮಾಡಿಕೊಂಡ ಗುತ್ತಿಗೆಗೆ ಮಾತ್ರ. ಸ್ವಂತ ದುಡಿಮೆಯಿರುವ ಮಗನೋ ಭಾವಮೈದುನನೋ ಗುತ್ತಿಗೆದಾರನಾದರೆ ಈ ಕಲಂ ಮುಟ್ಟದು. ಅವರು ‘ಅವಲಂಬಿತರು’ ಅಲ್ಲದ ಕಾರಣ ಅಫಿಡವಿಟ್‌ನಲ್ಲೂ ಅವರ ಸುಳಿವಿಲ್ಲ. ಊರಿಗೆಲ್ಲ ಗೊತ್ತಿರುವುದು ಕಾಗದದಲ್ಲಿ ಇರದಿರುವುದು ಹೀಗೆ.

ಅಫಿಡವಿಟ್ ಐದು ವರ್ಷಕ್ಕೊಮ್ಮೆಯದು. ಕರ್ನಾಟಕ ಲೋಕಾಯುಕ್ತ ಕಾಯ್ದೆ 1984ರ 22ನೇ ಕಲಂನಡಿ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತರಿಗೆ ಆಸ್ತಿ ವಿವರ ಕೊಡಬೇಕು. ಕೊಟ್ಟಿಲ್ಲವೆಂದು ವರದಿ ಮಾಡಿದ ಮೇಲೂ ಕೊಡದವರ ಹೆಸರನ್ನು ಲೋಕಾಯುಕ್ತರು ಪತ್ರಿಕೆಗಳಲ್ಲಿ ಪ್ರಕಟಿಸಬಹುದು. ಆ ಪಟ್ಟಿ ಬಂದ ದಿನ ಕತ್ತರಿಸಿ ಇಟ್ಟುಕೊಳ್ಳಿ.

ತಾಳೆಯಾಗದ್ದು ಸಿಕ್ಕರೆ ತಕ್ಷಣ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಮೊದಲು ಶಾಸಕರ ಕಚೇರಿಗೇ ಒಂದು ಪತ್ರ ಬರೆಯಿರಿ, ಸರ್ವೆ ನಂಬರ್ ಮತ್ತು ತಾರೀಖಿನ ಸಮೇತ. ಸ್ವೀಕೃತಿ ಕೇಳುವುದನ್ನು ಮರೆಯಬೇಡಿ.